ಬೆವರುವ ಕೈಯಲ್ಲಿ ತೇವದ ಅಳತೆ

ಬೂಷ್ಟು ಹಿಡಿಯಬಹುದಾಗಿತ್ತು. ಕರೆಂಟು ಹೋಗಿ, ಗಾಳಿ ಎಳೆಯುವ ಫ್ಯಾನು ನಿಂತು, ಒಣಗು ಕೋಣೆ ಇಡ್ಲಿ ಪಾತ್ರೆಯಂತಾಗಬಹುದಾಗಿತ್ತು. ತಗಡಿನ ಮಾಡಿನ ಮೇಲೆ ಕೋತಿ ಕುಣಿದು ಒಂದು ಶೀಟು ಸರಿದು, ಆ ಸಂದಿಯಿಂದ ಮಳೆನೀರು ಬೇರೆ ಯಾರ ಡ್ರಮ್ಮನ್ನೂ ಮುಟ್ಟದೆ ನೆಟ್ಟಗೆ ನನ್ನ ಡ್ರಮ್ಮಿನ ಮೇಲೇ ಸುರಿಯಬಹುದಾಗಿತ್ತು. ಇಲಿ ನುಗ್ಗಬಹುದಾಗಿತ್ತು. ಇಲಿ ಬರದಿದ್ದರೆ ಹೆಗ್ಗಣ. ಕಾವಲಿನ ಅಬಕಾರಿ ಪೇದೆ ಬೀಗದ ಕೈಯನ್ನು ಮನೆಯಲ್ಲೇ ಮರೆತು ಬರಬಹುದಾಗಿತ್ತು. ಗಣಿ ಕಾರ್ಮಿಕರ ಲೈನ್ ಮನೆಗಳ ಮೇಕೆಗಳು ಬಾಗಿಲು ತೆರೆದದ್ದು ಕಂಡು ಒಳಗೆ ನುಗ್ಗಿ, ಲೈಸೆನ್ಸಿನ ಸೊಪ್ಪನ್ನು ಹೊಟ್ಟೆ ತುಂಬ ತಿಂದು, ಬಂದ ಅಧಿಕಾರಿಗಳ ಎದುರಿಗೇ ತೂಕಡಿಸಬಹುದಾಗಿತ್ತು. ಮೀಟರಿನ ಸೆಲ್ಲು ಸಾಯಬಹುದಾಗಿತ್ತು. ಧೂಳಿಗೆ ನನಗೆ ಸೀನು ಬಂದು, ಮುಚ್ಚಳ ತೆಗೆದ ಡ್ರಮ್ಮಿನೊಳಕ್ಕೇ ಸೀನಿಬಿಡಬಹುದಾಗಿತ್ತು.

ಇಷ್ಟನ್ನೂ ಆ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೆಂಡತಿ ರತ್ನಮ್ಮನಿಗೆ ಒಂದೊಂದಾಗಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ ಅಂದಳು: "ಭೂಮಿ ನಡುಗೋದೊಂದು ಬಿಟ್ಬಿಟ್ರಲ್ಲ. ಗಣಿ ಊರಲ್ಲಿ ಕೆಲ್ಸ ಮಾಡೋರು ಅದನ್ನ ಮರೀಬಾರ್ದು."

ಹೌದಲ್ಲ ಅನ್ನಿಸಿತು. ಪಟ್ಟಿಗೆ ಅದನ್ನೂ ಸೇರಿಸಿಕೊಂಡೆ.

ಆವತ್ತು ನಮ್ಮ ಶೆಡ್ಡಿಗೆ ತಪಾಸಣೆ ಇತ್ತು. ಏನೇನು ಕೆಡಬಹುದು ಎಂದು ನಾನು ಲೆಕ್ಕ ಹಾಕಿದ್ದೆನೋ ಅದರಲ್ಲಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಬೇರೆಯೇ ಒಂದು, ಸಣ್ಣದು. ಅದನ್ನು ಹೇಳುವುದಕ್ಕೆ ಮುಂಚೆ ಕೆಲಸ ಎಂಥದ್ದು ಅಂತ ಹೇಳಬೇಕು. ಈಗ ಈ ಕೆಲಸಕ್ಕೆ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಕೈಯಲ್ಲಿ ಫೋನು, ಫೋನಿನಲ್ಲೇ ಕೋಣೆಯ ತೇವ, ಕೋಣೆಯ ಬಿಸಿ. ಅವರನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅದು ಸಣ್ಣ ಉರಿ, ಹರಳೆಣ್ಣೆ ದೀಪದಷ್ಟು. ದೊಡ್ಡ ಉರಿಯ ಹೆಸರು ಸೆಲ್ವಿ.

ನಾನು ಮುನಿರಾಜು. ಬಂಗಾರಪೇಟೆ ಪಕ್ಕದ ಹಳ್ಳಿಯವನು. ಊರಿಗಾಂನಲ್ಲಿ ಚಿನ್ನದ ಗಣಿ ಕಾಲದ ಒಂದು ಹಳೇ ಕಲ್ಲು ಕಟ್ಟಡವನ್ನು ಬಾಡಿಗೆಗೆ ಹಿಡಿದು ಔಷಧಿ ಸೊಪ್ಪು ಒಣಗಿಸುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಒಣಗುವ ಸೊಪ್ಪಿನಲ್ಲಿ ಇನ್ನೆಷ್ಟು ನೀರು ಉಳಿದಿದೆ ಅಂತ ಅಳೆದು ಹೇಳುವುದು, ಅಷ್ಟೇ. ಎಲೆಧೂಳು ಎದೆಗಿಳಿದು, ಡಾಕ್ಟರು ಇನ್ನು ಆ ಕಟ್ಟಡಕ್ಕೆ ಕಾಲಿಡಬೇಡಿ ಅಂದ ಮೇಲೆ ಐವತ್ಮೂರಕ್ಕೇ ನಿವೃತ್ತನಾಗಿ ಮನೆಗೆ ಬಂದೆ. ಬಡ್ತಿಯ ಕತೆ ಇಲ್ಲಿ ಸಿಗುವುದಿಲ್ಲ. ಸಿಕ್ಕಿದ್ದು ಒಂದು, ಅದೂ ಸೆಲ್ವಿಗೆ ಸಿಕ್ಕಿದ ಮೇಲೆ.

ಸೆಲ್ವಿ ಚಾಂಪಿಯನ್ ರೀಫ್ಸಿನವಳು. ಅಪ್ಪ, ತಾತ ಎಲ್ಲ ಗಣಿಗೆ ಇಳಿದವರು. ನನಗಿಂತ ಐದಾರು ವರ್ಷ ಚಿಕ್ಕವಳು, ಮಾತು ನನಗಿಂತ ಐದಾರು ಪಟ್ಟು ದೊಡ್ಡದು. ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಬೈದು ತೆಲುಗಿನಲ್ಲಿ ನಗುತ್ತಿದ್ದಳು. ನಾವಿಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿದವರು, ಒಂದೇ ತರಬೇತಿಗೆ ಹೋದವರು. ಅವಳಿಗೆ ಗೊತ್ತಿದ್ದದ್ದೆಲ್ಲ ನನಗೂ ಗೊತ್ತಿತ್ತು. ಒಂದೇ ಒಂದು ವ್ಯತ್ಯಾಸ, ಅವಳು ಅಳತೆ ಮುಗಿಸಿ ಊಟಕ್ಕೆ ಕೂತರೆ ಊಟ ಮಾಡುತ್ತಿದ್ದಳು. ನಾನು ಊಟಕ್ಕೆ ಕೂತು, ಡ್ರಮ್ಮಿನ ಮುಚ್ಚಳ ಸರಿಯಾಗಿ ಹಾಕಿದೆನಾ ಅಂತ ಎದ್ದು ಹೋಗುತ್ತಿದ್ದೆ.

ಮೊದಲ ವರ್ಷಗಳಲ್ಲಿ ನಮ್ಮದು ತುಳಸಿ, ನೆಲಬೇವು, ಅಮೃತಬಳ್ಳಿ. ಮೀಟರು ಗೀಟರು ಇರಲಿಲ್ಲ. ಎಲೆಯನ್ನು ಹಿಡಿಯಲ್ಲಿ ಹಿಂಡಿ ಬಿಟ್ಟರೆ ಪುಡಿಯಾಗಬೇಕು, ಕಡ್ಡಿ ಬಾಗಿಸಿದರೆ ಪಟಕ್ಕನೆ ಮುರಿಯಬೇಕು. ಕೋಣೆಯ ಗಾಳಿಯಲ್ಲಿ ತೇವ ಎಷ್ಟಿದೆ ಅಂತ ತಿಳಿಯುವುದಕ್ಕೆ ಒಂದು ಪಿಂಗಾಣಿ ತಟ್ಟೆಯಲ್ಲಿ ಕಲ್ಲುಪ್ಪು. ಇದು ನಮ್ಮ ಅಡುಗೆಮನೆಗಳಿಂದಲೇ ಬಂದ ಬುದ್ಧಿ. ಗಾಳಿಯಲ್ಲಿ ಪಸೆ ಹೆಚ್ಚಾದರೆ ಉಪ್ಪಿನ ಭರಣಿ ಬೆವರುವುದನ್ನು ಎಲ್ಲರೂ ಕಂಡಿರುತ್ತಾರೆ. ತಟ್ಟೆಯ ಉಪ್ಪು ಬೆವರಿದರೆ ಕಿಟಕಿ ಮುಚ್ಚಿ, ಇದ್ದಲ ಒಲೆ ಹೊತ್ತಿಸಿ ಗಾಳಿಯನ್ನು ಬಿಸಿ ಮಾಡಬೇಕು. ತಟ್ಟೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ನಾನೇ ಕೇಳಿ ಪಡೆದದ್ದು.

ಒಂದು ಬೇಸಿಗೆ ಮಧ್ಯಾಹ್ನ, ಹೊರಗೆ ಬೆಂಕಿಯಂಥ ಬಿಸಿಲು, ಬಂದು ನೋಡುತ್ತೇನೆ, ಉಪ್ಪು ನೀರಾಗಿ ಕೂತಿದೆ. ಒಂದು ಮೂಲೆಯಲ್ಲಿ ಕರಗಿಯೇ ಹೋಗಿದೆ. ನೆಲದಿಂದ ಪಸೆ ಏಳುತ್ತಿರಬೇಕು, ಕೆಳಗೆ ಗಣಿಯ ಸುರಂಗದಲ್ಲಿ ನಿಂತ ನೀರು ಮೇಲೇರುತ್ತಿರಬೇಕು ಅಂತ ನನ್ನ ತಲೆ ಪಾತಾಳಕ್ಕೇ ಹೋಯಿತು. ಕಿಟಕಿಗಳನ್ನೆಲ್ಲ ಮುಚ್ಚಿಸಿದೆ, ನಾಲ್ಕೂ ಮೂಲೆಗೆ ಒಲೆ ಇಡಿಸಿದೆ. ತುಳಸಿ ಹುರಿದ ಹುಣಸೆ ಬೀಜದ ಬಣ್ಣಕ್ಕೆ ಬಂತು. ಮ್ಯಾನೇಜರ್ ಮೂರ್ತಿ ಸಾರ್ ಓಡಿ ಬಂದರು.

"ಏನ್ರೀ ಇದು ಮುನಿರಾಜು, ಯಾಗ ಮಾಡ್ತಿದೀರಾ?"

"ಸಾರ್, ಉಪ್ಪು ನೀರಾಗಿದೆ ಸಾರ್. ಕೆಳಗಿಂದ ನೀರು ಏರ್ತಿದೆ."

ಮೂಲೆಯಲ್ಲಿ ಸೊಪ್ಪು ತಿರುವುತ್ತಿದ್ದ ಹೆಂಗಸರ ನಡುವಿಂದ ಸೆಲ್ವಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದು ಬಂದಳು. "ಅಣ್ಣಾ, ಅದು ನೀರಲ್ಲಣ್ಣಾ. ಮಾವಿನ್‌ಕಾಯಿ. ನಾವೇ ಅದ್ಕೊಂಡು ತಿಂದ್ವಿ. ತೋತಾಪುರಿ. ನಿಮ್ಗೂ ಎರಡು ಓಳು ಎತ್ತಿಟ್ಟಿದೀನಿ, ತಿಂತೀರಾ?"

ಮೂರ್ತಿ ಸಾರ್ ನಕ್ಕುಬಿಟ್ಟರು. ತಟ್ಟೆಯಲ್ಲಿ ಮಾವಿನಕಾಯಿ ಅದ್ದಿದವಳು ಅವಳು, ಬೈಗುಳ ತಿಂದವನು ನಾನು. ನಾನು ಆ ಹೋಳುಗಳನ್ನು ತಿನ್ನಲಿಲ್ಲ. ಮೂರ್ತಿ ಸಾರ್ ತಿಂದರು. ಅವತ್ತಿನಿಂದ ಅವರಿಗೆ ಏನು ಕೇಳಬೇಕಾದರೂ ಮೊದಲು ಬಾಯಿಗೆ ಬರುತ್ತಿದ್ದ ಹೆಸರು, "ಸೆಲ್ವೀ."

ಆಮೇಲೆ ಬಂತು ಭಂಗಿ ಸೊಪ್ಪು. ಔಷಧಕ್ಕೆಂದು, ಲೈಸೆನ್ಸು ಪಡೆದು, ಬಂಗಾರಪೇಟೆ ಕಡೆ ಎತ್ತರದ ತಂತಿಬೇಲಿಯೊಳಗೆ ಪ್ರಯೋಗಕ್ಕೆ ಬೆಳೆಸಿದ್ದು. ಕಟಾವಾದ ಗಿಡ ಪೇದೆಯ ಕಾವಲಲ್ಲಿ ಬಂದು, ತೂಕವಾಗಿ, ಬೀಗದ ಕೋಣೆಗೆ ಹೋಗಬೇಕು. ಊರಲ್ಲಿ ತಮಾಷೆಯೋ ತಮಾಷೆ. ನಮ್ಮ ಭಾವಮೈದ ಎದುರಿಗೆ ಸಿಕ್ಕಾಗಲೆಲ್ಲ ನನ್ನ ಕಣ್ಣು ಕೆಂಪಗಿದೆಯಾ ಅಂತ ಬಗ್ಗಿ ನೋಡುತ್ತಿದ್ದ. "ಏನ್ ಭಾವ, ಇವತ್ತು ಎಷ್ಟ್ ಅಳತೆ ಮಾಡುದ್ರಿ?" ನನ್ನ ಕಣ್ಣು ಕೆಂಪಗಿರುತ್ತಿದ್ದದ್ದು ನಿಜ. ಅದು ನಿದ್ದೆ ಇಲ್ಲದೆ.

ಎಳೆಯರಿಗೆ ಹೇಳಬೇಕಾದ ಮಾತು ಇದು. ಭಂಗಿಯ ಹೂತೆನೆ ತುಳಸಿಯ ಹಾಗೆ ಸೌಮ್ಯ ಅಲ್ಲ. ತೆನೆ ದಟ್ಟ, ಅಂಟು ಅಂಟು. ಮೇಲೆ ಮುಟ್ಟಿದರೆ ಒಣಗಿ ಗರಿಗರಿ, ಒಳಗೆ ಕಡ್ಡಿಯ ಪಕ್ಕ ಇನ್ನೂ ಹಸಿ. ಹಸಿ ಉಳಿದರೆ ಒಳಗಿಂದ ಬೂಷ್ಟು. ಕಣ್ಣಿಗೆ ಬೀಳುವ ಹೊತ್ತಿಗೆ ಡ್ರಮ್ಮೇ ಹೋಗಿರುತ್ತದೆ. ಹೆದರಿ ಜಾಸ್ತಿ ಒಣಗಿಸಿದರೆ ಪುಡಿಯಾಗುತ್ತದೆ, ವಾಸನೆ ಸತ್ತು ಹುಲ್ಲಾಗುತ್ತದೆ. ನೂರು ಪಾಲಿನಲ್ಲಿ ಹತ್ತು ಹನ್ನೆರಡು ಪಾಲು ನೀರು ಉಳಿಯಬೇಕು. ಮೊದಲು ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ ನಿಧಾನವಾಗಿ ಒಣಗಿಸುವುದು. ಆಮೇಲೆ ಡ್ರಮ್ಮಿಗೆ ತುಂಬಿ ಮುಚ್ಚಿ, ದಿನವೂ ಸ್ವಲ್ಪ ಹೊತ್ತು ಮುಚ್ಚಳ ತೆಗೆದು ಉಸಿರಾಡಿಸಿ, ವಾರಗಟ್ಟಲೆ ಹದಕ್ಕೆ ತರುವುದು. ಡ್ರಮ್ಮಿಗೆ ಹೋದ ಮೇಲೆ ಕಡ್ಡಿಯೊಳಗಿನ ನೀರು ಮೆಲ್ಲಗೆ ಹೊರಗೆ ಬಂದು ಒಣಗಿದ ತೆನೆಯನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಒಣಗಿತು ಅಂತ ನಂಬಿ ಮಲಗಿದವನಿಗೆ ಮೋಸ ಆಗುವುದು ಅಲ್ಲೇ. ನಾನು ಮಲಗುತ್ತಲೇ ಇರಲಿಲ್ಲವಾದ್ದರಿಂದ ಈ ಕೆಲಸ ನನಗೆಂದೇ ಹುಟ್ಟಿದ್ದು ಅಂದುಕೊಂಡಿದ್ದೆ.

ಅಳತೆಯ ರೀತಿಯೂ ಬದಲಾಯಿತು. ಉಪ್ಪಿನ ತಟ್ಟೆ ಅಡುಗೆಮನೆಗೆ ಹಿಂತಿರುಗಿತು. ಗುರುತು ಕಟ್ಟಿದ ಕೊಂಬೆಗಳನ್ನು ದಿನಾ ತೂಗಿ, ತೂಕ ಎಷ್ಟು ಇಳಿಯಿತು ಅಂತ ನೋಡುವುದು ಶುರುವಾಯಿತು. ಆಮೇಲೆ ಎರಡು ಸೂಜಿ ಚುಚ್ಚಿದರೆ ಅಂಕಿ ತೋರಿಸುವ ಮೀಟರು ಬಂತು. ಕೊನೆಗೆ ಡ್ರಮ್ಮಿನ ಮುಚ್ಚಳಕ್ಕೇ ಗಾಜಿನೊಳಗೆ ಮುಳ್ಳು ತಿರುಗುವ ಒಂದು ಮಾಪಕ ಕೂರಿಸಿದರು. ಮುಚ್ಚಳ ತೆಗೆಯದೆ ಒಳಗಿನ ಗಾಳಿಯ ತೇವ ನೋಡಬಹುದು. ಅರವತ್ತರ ಸುತ್ತ ಇದ್ದರೆ ಕ್ಷೇಮ, ಅದಕ್ಕಿಂತ ಏರಿದರೆ ಗಂಡಾಂತರ.

ಮೂರ್ತಿ ಸಾರ್ ಒಂದು ಪದ್ಧತಿ ತಂದರು. ಜೋಡಿ ಅಳತೆ. ಪ್ರತಿ ಡ್ರಮ್ಮನ್ನೂ ನಾನೊಂದು ಸಲ, ಸೆಲ್ವಿ ಒಂದು ಸಲ ಅಳೆಯಬೇಕು. ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಚೀಟಿಯಲ್ಲಿ ಬರೆದು ಹಳೇ ಬಿಸ್ಕತ್ತು ಡಬ್ಬಿಗೆ ಹಾಕುವುದು. ಸಂಜೆ ಅವರು ಡಬ್ಬಿ ತೆಗೆದು, ಎರಡನ್ನೂ ಕೂಡಿಸಿ ಅರ್ಧ ಮಾಡಿ, ಅದೇ ಆ ಡ್ರಮ್ಮಿನ ಅಳತೆ ಅನ್ನುತ್ತಿದ್ದರು. ನನ್ನ ಅಂಕಿ ಯಾವಾಗಲೂ ಮೇಲೆ, ಅವಳದು ಯಾವಾಗಲೂ ಕೆಳಗೆ. ನನ್ನ ಪ್ರಕಾರ ಜಗತ್ತಿನ ಎಲ್ಲ ಡ್ರಮ್ಮೂ ಹಸಿ. ಅವಳ ಪ್ರಕಾರ ಎಲ್ಲವೂ ಹದ.

"ನಿಮ್ಮಿಬ್ಬರ ನಡುವೆ ಎಲ್ಲೋ ನಿಜ ಕೂತಿರತ್ತೆ ಕಣ್ರೀ," ಅನ್ನುತ್ತಿದ್ದರು ಮೂರ್ತಿ ಸಾರ್, ಬಹಳ ಸಂತೋಷದಿಂದ.

ನನಗೆ ಸಂತೋಷ ಆಗುತ್ತಿರಲಿಲ್ಲ. ಒಂದು ಡ್ರಮ್ಮಾದರೂ ಪೂರ್ತಿ ನನ್ನದು ಅನ್ನುವಂತಿರಲಿಲ್ಲ. ಎಲ್ಲದರಲ್ಲೂ ಸೆಲ್ವಿಯ ಅರ್ಧ. ನಾನು ಕಾಲು ಗಂಟೆ ಒದ್ದಾಡಿ, ತೆನೆಯ ನಡುಮಧ್ಯದ ಚೂರನ್ನೇ ಹುಡುಕಿ ತೆಗೆದು, ಮೂರು ಸಲ ಚುಚ್ಚಿ ಬರೆದ ಅಂಕಿಗೂ, ಅವಳು ಹಾಡು ಗುನುಗುತ್ತ ಕೈಗೆ ಸಿಕ್ಕಿದ್ದಕ್ಕೆ ಚುಚ್ಚಿ ಬರೆದ ಅಂಕಿಗೂ ಒಂದೇ ಬೆಲೆ. ಅವಳ ಊಟದ ಡಬ್ಬಿಯ ಸುತ್ತ ಎಲ್ಲರೂ ಕೂರುತ್ತಿದ್ದರು. ಪೇದೆ ಅವಳನ್ನು ಕಂಡರೆ ಎದ್ದು ಬೀಗ ತೆಗೆಯುತ್ತಿದ್ದ. ನನಗೆ ಕೂತಲ್ಲಿಂದಲೇ ಬೀಗದ ಕೈ ಚಾಚುತ್ತಿದ್ದ. ಆ ಮೀಟರು ಕೂಡ ಅವಳ ಕೈಯಲ್ಲಿ ಬೇಗ ಬೆಳಗುತ್ತಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮನೆಗೆ ಹೋದರೂ ಅದೇ ಮಾತು. ರತ್ನಮ್ಮ ಒಂದು ದಿನ ಸಾಕಾಗಿ ಅಂದಳು: "ಆ ಸೆಲ್ವಿ ಏನ್ ತಿಂತಾಳೆ ಅಂತ ಕೇಳ್ಕೊಂಡ್ ಬನ್ನಿ. ನಿಮ್ಗೂ ಅದನ್ನೇ ಆಕ್ತೀನಿ. ಇಬ್ಬರೂ ಒಂದೇ ಅಂಕಿ ಬರೀರಿ, ನಾನು ನೆಮ್ಮದಿಯಾಗಿ ಮಲಗ್ತೀನಿ."

ಒಂದು ಸಲ ನನ್ನ ಅಂಕಿ ವಿಪರೀತ ಮೇಲೆ ಹೋಯಿತು. ಅವಳದು ಹನ್ನೊಂದು, ನನ್ನದು ಹದಿನಾರು. ಮತ್ತೆ ಅಳೆದರೂ ಅಷ್ಟೇ. ಮೂರ್ತಿ ಸಾರ್ ಹಣೆ ಉಜ್ಜಿಕೊಂಡು, "ಎದುರಿಗೇ ಅಳೀರಿ, ನೋಡೋಣ," ಅಂದರು. ಮ್ಯಾನೇಜರು ನೋಡುತ್ತಿದ್ದಾರೆ, ಸೆಲ್ವಿ ನೋಡುತ್ತಿದ್ದಾಳೆ, ಪೇದೆ ನೋಡುತ್ತಿದ್ದಾನೆ. ನಾನು ಡ್ರಮ್ಮಿನಿಂದ ತೆನೆ ತೆಗೆದು, ಎಲ್ಲಿ ಬಿದ್ದುಹೋಗುತ್ತದೋ ಅಂತ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದು, ಮೇಜಿನ ತನಕ ತಂದು ಸೂಜಿ ಚುಚ್ಚಿದೆ. ಹದಿನೇಳು.

ಸೆಲ್ವಿ ಬಂದು ನನ್ನ ಮಣಿಕಟ್ಟು ಹಿಡಿದು ಅಂಗೈ ಮೇಲೆ ಮಾಡಿದಳು. "ಅಯ್ಯಯ್ಯೋ ಕಡವುಳೇ! ಸಾರ್, ಇಲ್ನೋಡಿ. ಅಣ್ಣನ ಕೈಯಲ್ಲಿ ಕೊಳಾಯಿ ಐತೆ!"

ನನ್ನ ಅಂಗೈ ಹೊಳೆಯುತ್ತಿತ್ತು. ಗಾಬರಿಯಾದರೆ ನನಗೆ ಅಂಗೈ ಬೆವರುತ್ತದೆ, ಸಣ್ಣಂದಿನಿಂದ. ಗಾಬರಿ ನನಗೆ ದಿನವೂ ಇದ್ದದ್ದೇ. ಇಷ್ಟು ವರ್ಷ ನಾನು ಭಂಗಿ ತೆನೆಯ ತೇವದ ಜೊತೆಗೆ ನನ್ನ ಭಯದ ತೇವವನ್ನೂ ಸೇರಿಸಿ ಅಳೆದುಕೊಟ್ಟಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗದಿದ್ದರೆ ಚೆನ್ನಾಗಿರುವುದಿಲ್ಲ ಅಂತ. ಒಳಗೆ ಮಾತ್ರ ಉರಿ. ನನ್ನ ತಪ್ಪನ್ನು ಕಂಡುಹಿಡಿಯುವ ಕೆಲಸವನ್ನೂ ಇವಳೇ ಮಾಡಬೇಕಾ?

ಮರುದಿನ ಅವಳು ಮನೆಯಿಂದ ಒಂದು ಇಕ್ಕಳ ತಂದುಕೊಟ್ಟಳು. ಮುರುಕು ಕರಿದು ಎತ್ತುವ ಉದ್ದನೆಯ ಇಕ್ಕಳ. "ಇದ್ರಲ್ಲಿ ಹಿಡೀರಿ. ಕೈ ಬೇಕಾದ್ರೆ ಬೆವರ್ಲಿ ಬಿಡಿ, ಪಾಪ." ಇಕ್ಕಳ ಬಂದ ಮೇಲೆ ನನ್ನ ಅಂಕಿ ಇಳಿಯಿತು. ಅವಳದಕ್ಕೂ ನನ್ನದಕ್ಕೂ ಕೂದಲೆಳೆಯ ಅಂತರ. ಕಡ್ಡಿಯ ಪಕ್ಕದ ಚೂರನ್ನೇ ಆರಿಸುವ ನನ್ನ ಅಭ್ಯಾಸದಿಂದ ಆ ಕೂದಲೆಳೆ ಉಳಿದುಕೊಂಡಿತು, ಅದನ್ನು ನಾನು ಬಿಡಲಿಲ್ಲ. ಹೊಸಬರಿಗೂ ಅದನ್ನೇ ಹೇಳುತ್ತೇನೆ: ಚೂರು ಒಳಗಿಂದ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ.

ಅದೇ ವರ್ಷ ಸುದ್ದಿ ಬಂತು. ಪ್ರಯೋಗದ ಅವಧಿ ಮುಗಿಯುತ್ತಿದೆ, ಮೇಲಿನಿಂದ ತಪಾಸಣೆಗೆ ಬರುತ್ತಾರೆ, ಡ್ರಮ್ಮುಗಳನ್ನು ಅವರೇ ಅಳೆಯುತ್ತಾರೆ, ಹದದಲ್ಲಿದ್ದರೆ ಲೈಸೆನ್ಸು ಮುಂದುವರಿಯುತ್ತದೆ. ಎರಡು ಡ್ರಮ್ಮು ತೋರಿಸಬೇಕು. ಶೆಡ್ಡಿಗೆಲ್ಲ ಅದು ಅನ್ನದ ಪ್ರಶ್ನೆ. ನನಗೆ ಅದರ ಜೊತೆಗೆ ಇನ್ನೊಂದು ಇತ್ತು. ಮೂರ್ತಿ ಸಾರ್ ಒಬ್ಬರೇ ಇದ್ದಾಗ ಹೋಗಿ ಕೇಳಿದೆ.

"ಸಾರ್, ಈ ಸಲ ಜೋಡಿ ಅಳತೆ ಬ್ಯಾಡ ಸಾರ್. ಒಂದು ಡ್ರಮ್ಮು ಪೂರ್ತಿ ನಂಗೆ ಬಿಡಿ. ಒಂದು ಸೆಲ್ವೀಗೆ. ಬಂದೋರು ನೋಡಿ ಹೇಳ್ಲಿ."

ಅವರು ನನ್ನನ್ನೇ ನೋಡಿದರು. "ಪಂದ್ಯಾನಾ?"

"ಇಲ್ಲ ಸಾರ್, ಹಂಗೇನಿಲ್ಲ," ಅಂದೆ. ಪಂದ್ಯವೇ. ಈ ಒಂದು ಸಲ ಯಾರಾದರೂ ದೊಡ್ಡವರು ಬಂದು, ಇದು ಯಾರು ಹದ ಮಾಡಿದ್ದು ಅಂತ ಕೇಳಬೇಕು. ಮುನಿರಾಜು ಅಂತ ಉತ್ತರ ಬರಬೇಕು. ನಾನು ಅಲ್ಲಿ ನಿಂತಿರಬೇಕು. ನನಗೆ ಬೇಕಾದ್ದು ಅಷ್ಟೇ. ಸೆಲ್ವಿಯ ಡ್ರಮ್ಮು ಒಂಚೂರು, ಲೈಸೆನ್ಸಿಗೆ ಧಕ್ಕೆ ಬರದಷ್ಟೇ ಒಂಚೂರು, ಹದ ತಪ್ಪಿದರೆ ಇನ್ನೂ ಒಳ್ಳೆಯದು ಅಂತಲೂ ಇತ್ತು.

ಎರಡೂ ಡ್ರಮ್ಮು ತುಂಬಿ ಮುಚ್ಚಿದೆವು. ನನ್ನದರ ಬಾಯಿಗೆ ಬಟ್ಟೆ ಕಟ್ಟಿ ಎರಡು ಗಂಟು ಹಾಕಿದೆ. ಒಂದು ಗಂಟಿನ ಮೇಲೆ ನನಗೆ ಯಾವತ್ತೂ ನಂಬಿಕೆ ಇಲ್ಲ. ಸೆಲ್ವಿ ಒಂದೇ ಗಂಟು ಹಾಕಿ ಕೈ ಝಾಡಿಸಿಕೊಂಡಳು. ಬರುವಾಗ ಹೋಗುವಾಗ ನಾನು ಅವಳ ಮುಚ್ಚಳದ ಮುಳ್ಳನ್ನು ಓರೆಗಣ್ಣಲ್ಲಿ ನೋಡುತ್ತಿದ್ದೆ. ಅರವತ್ತು. ಯಾವಾಗ ನೋಡಿದರೂ ಅರವತ್ತು. ಅಷ್ಟು ನಿಶ್ಚಿಂತೆಯ ಮುಳ್ಳನ್ನು ನಾನು ಕಂಡಿರಲಿಲ್ಲ.

ಆಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿದು, ನಮ್ಮ ಕಡೆ ಜಡಿಮಳೆ ಹಿಡಿಯಿತು. ಅದೇ ಹೊತ್ತಿಗೆ ಸೆಲ್ವಿಯ ತಾಯಿ ಲೈನ್ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸೆಲ್ವಿ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಡ್ರಮ್ಮನ್ನು ಯಾರಿಗಾದರೂ ಒಪ್ಪಿಸಿ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ.

ಎರಡನೇ ದಿನ ನಾನು ಕೋಣೆಗೆ ಹೋದಾಗ ಅವಳ ಡ್ರಮ್ಮಿನ ಮುಳ್ಳು ಅರವತ್ತಾರಕ್ಕೆ ಬಂದಿತ್ತು. ಕಡ್ಡಿಯೊಳಗಿನ ನೀರು ಹೊರಗೆ ಬಂದಿದೆ. ಅವಳು ಇದ್ದಿದ್ದರೆ ತಕ್ಷಣ ತೆಗೆದು ಹರಡುತ್ತಿದ್ದಳು. ಅವಳಿಲ್ಲ. ನನ್ನ ಡ್ರಮ್ಮು ಅರವತ್ತೊಂದರಲ್ಲಿ ಮಗುವಿನಂತೆ ಮಲಗಿದೆ.

ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಖುಷಿ. ಕೂತು ಆ ಮುಳ್ಳನ್ನು ನೋಡಿದೆ. ತಗಡಿನ ಮೇಲೆ ಮಳೆ ಬಾರಿಸುತ್ತಿತ್ತು. ಮೂರ್ತಿ ಸಾರ್ ಫೋನು ಮಾಡಿ, "ಎಲ್ಲ ಸರಿ ಇದೆಯೇನ್ರೀ?" ಅಂದರು. "ನನ್ ಡ್ರಮ್ಮು ಸರಿ ಐತೆ ಸಾರ್," ಅಂದೆ. ಅವರು ಅಷ್ಟಕ್ಕೇ ಫೋನಿಟ್ಟರು. ನಾನು ಹೇಳಿದ್ದು ಪೂರ್ತಿ ನಿಜ.

ಹಾಗೇ ಎದ್ದು ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ನನಗೊಂದು ರೋಗ ಇದೆಯಲ್ಲ. ಶೆಡ್ಡಿನ ಬಾಗಿಲ ತನಕ ಹೋಗುತ್ತೇನೆ, ಕಣ್ಣೆದುರು ಬೂಷ್ಟು. ಬಿಳೀ ನೂಲಿನಂಥ ಬೂಷ್ಟು ತೆನೆಯ ಒಳಗೆ ಹೆಣೆಯುತ್ತಿದೆ, ಸಣ್ಣಗೆ ಹೆಣೆಯುತ್ತಲೇ ಇದೆ. ಅದು ಸೆಲ್ವಿಯ ಡ್ರಮ್ಮೋ ನನ್ನ ಡ್ರಮ್ಮೋ ಅಂತ ನನ್ನ ಭಯಕ್ಕೆ ಗೊತ್ತಾಗುವುದಿಲ್ಲ. ಹೊಟ್ಟೆಕಿಚ್ಚು ನನ್ನಲ್ಲಿ ದೊಡ್ಡದು, ಹೆದರಿಕೆ ಅದರಪ್ಪ. ವಾಪಸು ಬಂದು ಪೇದೆಯನ್ನು ಕರೆದು ಕೋಣೆಯ ಬೀಗ ಮತ್ತೆ ತೆಗೆಸಿದೆ. ಅವನ ಎದುರಿಗೇ ಡ್ರಮ್ಮು ತೆಗೆದು, ಜರಡಿಗಳ ಮೇಲೆ ತೆನೆ ಹರಡಿ, ಫ್ಯಾನು ಹಚ್ಚಿದೆ. ಒಂದೊಂದು ತೆನೆಯನ್ನೂ ಇಕ್ಕಳದಲ್ಲೇ ತಿರುವಿದೆ. ಅವಳದೇ ಇಕ್ಕಳ. ತಿರುವುತ್ತ ಮನಸ್ಸಿನಲ್ಲೇ ಅವಳನ್ನು ಬೈದೆ, ಅವಳ ಹಾಡನ್ನು ಬೈದೆ, ಮಾವಿನಕಾಯಿಯನ್ನೂ ಬಿಡಲಿಲ್ಲ. ಪೇದೆ ಕೇಳಿದ: "ಏನ್ ಮುನಿರಾಜಣ್ಣ, ಅದು ಆಯಮ್ಮಂದಲ್ವಾ? ನೀವ್ಯಾಕೆ?" "ಸುಮ್ಕಿರಪ್ಪ," ಅಂದೆ. ಮಳೆ ನಿಲ್ಲುವ ತನಕ ದಿನವೂ ಅದೇ ಕೆಲಸ. ಮುಳ್ಳು ಅರವತ್ತಕ್ಕೆ ಇಳಿಯಿತು.

ಸೆಲ್ವಿ ವಾಪಸು ಬಂದಾಗ ಕಣ್ಣ ಕೆಳಗೆ ಕಪ್ಪಾಗಿತ್ತು. ತಾಯಿ ಎದ್ದು ಕೂರುವಂತಾಗಿದ್ದರು. ಅವಳು ಡ್ರಮ್ಮಿನ ಹತ್ತಿರ ಹೋಗಿ, ಬಟ್ಟೆಯ ಗಂಟಿಗೆ ಕೈ ಹಾಕಿ ನಿಂತಳು.

"ಅಣ್ಣಾ, ಇದ್ಯಾರು ತೆಗ್ದಿದ್ದು?"

"ಯಾರೋ ತೆಗ್ದಿರ್ತಾರೆ."

"ಎರಡು ಗಂಟು ಆಕೈತೆ," ಅಂದಳು. ಅವತ್ತು ಮಧ್ಯಾಹ್ನ ಅವಳ ಊಟದ ಡಬ್ಬಿಯ ಒಂದು ಗಿಣ್ಣಲು ನನ್ನ ಮುಂದೆ ಬಂದು ಕೂತಿತು. ಮೀನು ಸಾರು. ಚೆನ್ನಾಗಿತ್ತು, ಅದಕ್ಕೂ ಬೇಜಾರಾಯಿತು.

ಹೀಗೆ ಬಂತು ತಪಾಸಣೆಯ ದಿನ. ಪಟ್ಟಿಯನ್ನು ಮೊದಲೇ ಹೇಳಿದ್ದೇನೆ. ಶೆಡ್ಡಿಗೆ ಹೋದವನೇ ಮೀಟರು ಹಚ್ಚಿದೆ. ಮೂಲೆಯಲ್ಲಿ ಸೆಲ್ಲಿನ ಗುರುತು ಒಂದು ಸಲ ಮಿಣುಕಿತು. ಒಂದೇ ಸಲ. ಆ ಸೆಲ್ಲು ಊರಿಗಾಂನ ಅಂಗಡಿಗಳಲ್ಲಿ ಸಿಗುವುದಿಲ್ಲ, ರಾಬರ್ಟ್‌ಸನ್‌ಪೇಟೆಗೇ ಹೋಗಬೇಕು. ಅಧಿಕಾರಿಗಳು ಬರುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನನ್ನ ಡ್ರಮ್ಮಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಮೊಪೆಡ್ಡು ಹತ್ತಿದೆ.

ಸೆಲ್ವಿ ಬಾಗಿಲಿಗೆ ಓಡಿ ಬಂದಳು. "ಬ್ಯಾಡಣ್ಣಾ, ಇವತ್ತು ಎಲ್ಲೂ ಓಗ್ಬೇಡಿ. ಮಿಣುಕಿದ್ರೆ ಮಿಣುಕ್ಲಿ!"

"ಈಗ್ ಓಗಿ ಈಗ್ ಬತ್ತೀನಿ."

ಒಂದು ಸೆಲ್ಲು ಸಾಕಾಗಿತ್ತು. ಒಂದು ಕೆಟ್ಟದ್ದಿದ್ದರೆ ಅಂತ ಎರಡು ತಗೊಂಡೆ. ಅವೆರಡನ್ನೂ ಅಂಗಡಿಯವನ ಹತ್ತಿರವೇ ಪರೀಕ್ಷೆ ಮಾಡಿಸಿ, ಮತ್ತೊಂದು ತಗೊಂಡೆ. ಬರುತ್ತ ರೈಲ್ವೆ ಗೇಟು ಬಿದ್ದಿತ್ತು. ಮಾರಿಕುಪ್ಪಂ ಕಡೆಯ ಗಾಡಿ ಸೊಂಟ ನೋವಿನವರ ಹಾಗೆ ಬಂತು, ಹೋಯಿತು. ಗೇಟು ಎದ್ದಾಗ ಎದುರು ಕಡೆಯಿಂದ ಮೊದಲು ದಾಟಿದ್ದು ಒಂದು ಬಿಳೀ ಜೀಪು. ಮುಂದಿನ ಸೀಟಿನಲ್ಲಿ ಕನ್ನಡಕ ಹಾಕಿದ ಒಬ್ಬರು ಮೇಡಮ್ಮು, ತೊಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ. ಮೊಪೆಡ್ಡಿನ ಮೇಲೆ ಪ್ಲಾಸ್ಟಿಕ್ ಕವರು ಹಿಡಿದು ಕೂತ ಗಂಡಸನ್ನು ನೋಡುವ ಹಾಗೆ ನನ್ನನ್ನು ನೋಡಿ ಹೊರಟುಹೋದರು.

ಸರ್ಕಾರಿ ಅಧಿಕಾರಿ ಹೇಳಿದ ಹೊತ್ತಿಗಿಂತ ಮುಂಚೆ ಬಂದು ಹೋಗಬಹುದು ಎಂಬುದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಶೆಡ್ಡಿನಲ್ಲಿ ಎಲ್ಲರೂ ನಗುತ್ತಿದ್ದರು. ಮೂರ್ತಿ ಸಾರ್ ನನ್ನ ಬೆನ್ನು ತಟ್ಟಿ, "ಪಾಸಾಯ್ತು ಕಣ್ರೀ, ಎರಡೂ ಪಾಸು!" ಅಂದು ಟೀ ಹೇಳಲು ಹೋದರು. ಆ ಮೇಡಮ್ಮು ತಮ್ಮದೇ ಮೀಟರು ತಂದಿದ್ದರು. ನಮ್ಮದನ್ನು ಮುಟ್ಟಲೇ ಇಲ್ಲ.

ನಾನು ಸೆಲ್ವಿಯ ಹತ್ತಿರ ಹೋದೆ. ಕೇಳಬಾರದು ಅಂದುಕೊಂಡೇ ಕೇಳಿದೆ. "ನನ್ ಡ್ರಮ್ಮಿಗೆ ಏನಂದ್ರು?"

"ಅಳೆದ್ರಣ್ಣಾ. ಡಬ್ಬಿ ತೆಗ್ದು ನಿಮ್ ಚೀಟಿ ನೋಡಿದ್ರು. ಅವ್ರ ಮೀಟ್ರೂ ನಿಮ್ ಚೀಟೀನೂ ಒಂದೇ! ಇದು ಯಾರು ಹದ ಮಾಡಿದ್ದು ಅಂದ್ರು. ನಮ್ ಮುನಿರಾಜಣ್ಣ ಅಂದೆ. ಆಮೇಲೆ ನನ್ ಡ್ರಮ್ಮು ನೋಡಿ, ಇದೂ ಚೆನ್ನಾಗೈತೆ ಅಂದ್ರು. ಅದನ್ನ ಮಳೇಲಿ ಉಳಿಸ್ಕೊಟ್ಟಿದ್ದೂ ಅವ್ರೇ ಅಂದೆ."

"ಅದಕ್ಕೆ?"

"ಇಂಥ ಕೆಲಸ ಗೊತ್ತಿರೋರು ಸಿಗೋದಿಲ್ಲ, ಅವರನ್ನ ನಾನು ನೋಡ್ಬೇಕಲ್ಲ ಅಂದ್ರು. ಎಲ್ಲಿದಾರೆ ಅಂತ ಕೇಳಿದ್ರು."

"ನೀನೇನಂದೆ?"

"ಸೆಲ್ಲು ತರೋಕ್ ಓಗವ್ರೆ ಅಂದೆ." ಅವಳು ನಗು ತಡೆಯಲು ನೋಡಿ ಸೋತಳು. "ಕಾದ್ರಣ್ಣಾ, ಪಾಪ. ಒಂದು ಟೀ ಕುಡಿಯೋ ತನಕ ಕಾದ್ರು."

ಆಮೇಲೆ, ನಾನು ಕೆಲಸ ಬಿಡುವ ತನಕವೂ, ಬಿಟ್ಟ ಮೇಲೂ, ಯಾವುದಾದರೂ ನೆಪ ತೆಗೆದು ಆ ಮಾತನ್ನು ಸೆಲ್ವಿಯಿಂದ ಮತ್ತೆ ಮತ್ತೆ ಹೇಳಿಸಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಬೆಳೆಯಿತು. ಒಂದು ಸಲ ಮೇಡಮ್ಮು ಕನ್ನಡಕ ತೆಗೆದರು, ಇನ್ನೊಂದು ಸಲ ಎದ್ದೇ ನಿಂತರು, ಕಳೆದ ಸಂಕ್ರಾಂತಿಗೆ ಅವಳು ಎಳ್ಳು ಬೆಲ್ಲ ತಂದಾಗ ಅವರ ಕಣ್ಣಲ್ಲಿ ನೀರೂ ಬಂದಿತ್ತು. ಅವಳ ಮನಸ್ಸು ದೊಡ್ಡದು, ಅಳತೆ ಯಾವಾಗಲೂ ಹೀಗೇ ಧಾರಾಳ. ಆವತ್ತು ನಿಜವಾಗಿ ಏನಂದರು, ಎಷ್ಟಂದರು ಅಂತ ಅರ್ಧ ಮಾಡಿ ನೋಡಲು ನನ್ನ ಹತ್ತಿರ ಇನ್ನೊಂದು ಚೀಟಿ ಇಲ್ಲ. ನನ್ನ ಇಡೀ ಕೆಲಸದ ಬಾಳಿನಲ್ಲಿ ನನ್ನನ್ನು ಕುರಿತು ಒಬ್ಬರು ಆಡಿದ ಆ ಒಂದು ಮಾತನ್ನು ಕಿವಿಯಾರೆ ಕೇಳಿದವಳು ಸೆಲ್ವಿ. ಈಗ ಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ ಅವಳ ಕಿವಿಯ ಮೇಲೆ ನನಗೆ ಹೊಟ್ಟೆಕಿಚ್ಚು.

ಬೂಷ್ಟು ಹಿಡಿಯಲಿಲ್ಲ, ಮೇಕೆ ಬರಲಿಲ್ಲ, ಭೂಮಿ ನಡುಗಲಿಲ್ಲ. ಕೆಟ್ಟದ್ದು ಇಷ್ಟೇ: ಅವರು ನನ್ನನ್ನು ಕೇಳಿದ ಹೊತ್ತಿಗೆ ನಾನು ಮೂರು ಸೆಲ್ಲು ಹಿಡಿದುಕೊಂಡು ರೈಲ್ವೆ ಗೇಟಿನ ಆಚೆ ನಿಂತಿದ್ದೆ.